ಅಡಿಕೆ ಸಿಪ್ಪೆಯ ಗೋಡೆ ಆರಿದ್ರಾ ಮಳೆಗೆ ನಿಲ್ಲುತ್ತದೆಯೇ?

ಅಡಿಕೆ ಕೊಯ್ಲಿನ ದಿನಗಳಲ್ಲಿ ಶಿವಮೊಗ್ಗದಿಂದ ತೀರ್ಥಹಳ್ಳಿ ಕಡೆಗೋ ಸಾಗರದ ಕಡೆಗೋ ಹೊರಟರೆ ರಸ್ತೆ ಪಕ್ಕದಲ್ಲಿ ಹಸಿ ಸಿಪ್ಪೆಯ ರಾಶಿಗಳು ಸಿಗುತ್ತವೆ. ಕೆಲವು ಕೊಳೆಯುತ್ತಿರುತ್ತವೆ. ಕೆಲವಕ್ಕೆ ಯಾರೋ ಬೆಂಕಿ ಇಟ್ಟಿರುತ್ತಾರೆ, ದಿನಗಟ್ಟಲೆ ಹೊಗೆಯಾಡುತ್ತದೆ. ಹಸಿ ಅಡಿಕೆಕಾಯಿಯ ತೂಕದಲ್ಲಿ ಶೇ 60ರಿಂದ 80ರಷ್ಟು ಸಿಪ್ಪೆಯೇ ಇರುತ್ತದೆ. ಮಂಡಿಗೆ ಹೋಗುವುದು ಕಡಿಮೆ, ಬಿಸಾಡುವುದೇ ಜಾಸ್ತಿ. ಅದೇ ರಸ್ತೆಯಲ್ಲಿ ಎದುರಿನಿಂದ ಸಿಮೆಂಟ್ ತುಂಬಿದ ಲಾರಿಗಳು ಊರೊಳಗೆ ಬರುತ್ತಿರುತ್ತವೆ. ಈ ಎರಡು ದೃಶ್ಯಗಳನ್ನು ಒಟ್ಟಿಗೆ ನೋಡಿದಾಗಲೆಲ್ಲ ಒಂದು ಪ್ರಶ್ನೆ ಕಾಡುತ್ತದೆ. ನಾವು ಸುಡುತ್ತಿರುವುದರಲ್ಲಿ ಒಂದಷ್ಟನ್ನಾದರೂ ಗೋಡೆ ಮಾಡಿಕೊಳ್ಳಲು ಆಗುವುದಿಲ್ಲವೇ?

ಆಗುತ್ತದೆ. ಆದರೆ ಮಲೆನಾಡಿನಲ್ಲಿ ಅದಕ್ಕೊಂದು ಷರತ್ತು ಇದೆ. ಆ ಷರತ್ತು ಏನು, ಯಾಕೆ ಅಂತ ಹೇಳುವುದಕ್ಕೇ ಈ ಬರಹ.

ಬೆಳೆದು ಬರುವ ವಸ್ತುವಿನಿಂದ ಮಾಡಿದ್ದೆಲ್ಲ ಜೈವಿಕ ಕಟ್ಟಡ ಸಾಮಗ್ರಿ. ಮರ, ಬಿದಿರು, ಹುಲ್ಲು, ನಾರು, ಭತ್ತದ ಉಮಿ, ಕೊನೆಗೆ ಅಣಬೆ ಕೂಡ. ಇದರಲ್ಲಿ ನಮಗೆ ಹೊಸದೇನೂ ಇಲ್ಲ. ಅಜ್ಜನ ಕಾಲದ ಮನೆಗಳಲ್ಲಿ ಅಟ್ಟಕ್ಕೆ ಅಡಿಕೆ ದಬ್ಬೆ, ಮಳೆಗಾಲದಲ್ಲಿ ಗೋಡೆ ನೆನೆಯದ ಹಾಗೆ ಸೋಗೆಯ ತಟ್ಟಿ, ನೆಲಕ್ಕೆ ಸಗಣಿ, ಗಾರೆಗೆ ಬೆಲ್ಲ ಮತ್ತು ಅಳಲೆಕಾಯಿ ನೀರು ಬಳಸುತ್ತಿದ್ದರು. ಈಗ ಹೊಸದಾಗಿರುವುದು ಇಷ್ಟೇ. ಯಾವ ವಸ್ತು ಎಷ್ಟು ಭಾರ ತಡೆಯುತ್ತದೆ, ಎಷ್ಟು ನೀರು ಕುಡಿಯುತ್ತದೆ, ಎಷ್ಟು ವರ್ಷ ಬಾಳುತ್ತದೆ ಅನ್ನುವುದನ್ನು ಅಳೆದು, ಮತ್ತೆ ಮತ್ತೆ ಒಂದೇ ಗುಣಮಟ್ಟದಲ್ಲಿ ಮಾಡುವ ಪ್ರಯತ್ನ ನಡೆದಿದೆ.

ಇಷ್ಟೆಲ್ಲ ಯಾಕೆ ಬೇಕು? ಸಿಮೆಂಟನ್ನೇ ನೋಡಿ. ಸುಣ್ಣದ ಕಲ್ಲನ್ನು ಮಣ್ಣಿನ ಜೊತೆ ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡುತ್ತಾರೆ. ಉರಿಸಿದ ಕಲ್ಲಿದ್ದಲಿನಿಂದ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಅದಕ್ಕಿಂತ ಜಾಸ್ತಿ ಬರುವುದು ಸುಣ್ಣದ ಕಲ್ಲಿನ ಒಳಗಿಂದಲೇ. ಸೂರ್ಯನ ಶಾಖದಿಂದಲೇ ಗೂಡು ಉರಿಸಿದರೂ ಕಲ್ಲಿನಿಂದ ಬರುವ ಆ ಅನಿಲ ನಿಲ್ಲುವುದಿಲ್ಲ. 50 ಕಿಲೋ ಸಿಮೆಂಟ್ ಚೀಲಕ್ಕೆ ಸುಮಾರು 30ರಿಂದ 45 ಕಿಲೋ ಅನಿಲ ಹೊರಬರುತ್ತದೆ. ಮನುಷ್ಯರು ಜಗತ್ತಿನಾದ್ಯಂತ ಹೊರಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಶೇ 7–8ರಷ್ಟು ಸಿಮೆಂಟಿನದೇ.

ಗಿಡದ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ. ಗಿಡ ಬೆಳೆಯುವಾಗ ಗಾಳಿಯಿಂದ ಆ ಅನಿಲವನ್ನು ಎಳೆದುಕೊಂಡು ತನ್ನ ಮೈ ಕಟ್ಟಿಕೊಳ್ಳುತ್ತದೆ. ಚೆನ್ನಾಗಿ ಒಣಗಿದ ಮರ, ಬಿದಿರು, ನಾರಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಬರೀ ಇಂಗಾಲ. ಒಂದು ಕ್ವಿಂಟಾಲ್ ಒಣ ಸಿಪ್ಪೆಯಲ್ಲಿ 45–50 ಕಿಲೋ ಇಂಗಾಲ ಇದೆ ಅಂತಿಟ್ಟುಕೊಳ್ಳಿ. ಅದನ್ನು ಅನಿಲದ ಲೆಕ್ಕಕ್ಕೆ ತಿರುಗಿಸಿದರೆ 165ರಿಂದ 185 ಕಿಲೋ ಆಗುತ್ತದೆ. ನಾಲ್ಕು ಚೀಲ ಸಿಮೆಂಟ್ ಮಾಡುವಾಗ ಹೊರಬಂದದ್ದಕ್ಕೆ ಹೆಚ್ಚುಕಡಿಮೆ ಸಮ! ಒಣಗಿಸಲು, ಅರೆಯಲು, ಸಾಗಿಸಲು ಖರ್ಚಾಗುವ ಇಂಧನವನ್ನು ಇದರಲ್ಲಿ ಕಳೆಯಬೇಕು. ಅಷ್ಟು ಕಳೆದರೂ ಲೆಕ್ಕ ಸಣ್ಣದೇನಲ್ಲ.

ಆದರೆ ಸಿಪ್ಪೆ ಸುಟ್ಟರೆ ಆ ಅನಿಲ ಅವತ್ತೇ ಗಾಳಿಗೆ ಸೇರುತ್ತದೆ. ಕೊಳೆತರೆ ಒಂದೆರಡು ವರ್ಷದಲ್ಲಿ ಸೇರುತ್ತದೆ. ಗೋಡೆಯಾಗಿ ಐವತ್ತು ವರ್ಷ ನಿಂತರೆ ಐವತ್ತು ವರ್ಷ ಅಲ್ಲೇ ಇರುತ್ತದೆ. ಗೋಡೆ ಐದೇ ವರ್ಷಕ್ಕೆ ಕೊಳೆತು ಬಿದ್ದರೆ ನಾವು ಪರಿಸರಕ್ಕೆ ಮಾಡಿದ ಉಪಕಾರವೂ ಐದೇ ವರ್ಷದ್ದು. ಇಂಥ ಸಾಮಗ್ರಿಗೆ ಬಾಳಿಕೆಯೇ ಜೀವ ಅಂತ ನಾನು ಹೇಳುವುದು ಇದಕ್ಕೇ. ಮತ್ತು ನಮ್ಮಲ್ಲಿ ಬಾಳಿಕೆಯನ್ನು ತೀರ್ಮಾನ ಮಾಡುವುದು ನೀರು. ಮೊದಲು ಹೇಳಿದ ಷರತ್ತು ಇದೇ, ಗೋಡೆ ಕುಡಿದ ನೀರನ್ನು ಬಿಟ್ಟುಕೊಡಬೇಕು.

ತೀರ್ಥಹಳ್ಳಿ ತಾಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಶಿವಮೊಗ್ಗ ಪೇಟೆಯಲ್ಲಿ ಅದರ ಒಂದು ಸಣ್ಣ ಪಾಲು ಮಾತ್ರ. ಒಂದೇ ಜಿಲ್ಲೆಯ ಒಳಗೆ ಇಷ್ಟು ವ್ಯತ್ಯಾಸ! ಹಾಗಾಗಿ ಭದ್ರಾವತಿಯಲ್ಲಿ ಚೆನ್ನಾಗಿ ಬಾಳಿದ ಹಲಗೆ ಹೊಸನಗರದಲ್ಲೂ ಬಾಳುತ್ತದೆ ಅಂತ ನಂಬಿಕೊಂಡು ಕೂರುವ ಹಾಗಿಲ್ಲ. ಇನ್ನೊಂದು ವಿಷಯ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಮಳೆಹನಿ ತಾಗದೆಯೂ ಮರ ನೀರು ಕುಡಿಯುತ್ತದೆ, ಗಾಳಿಯಿಂದ. ಆರಿದ್ರೆ, ಪುನರ್ವಸು, ಪುಷ್ಯ ಮಳೆಯ ದಿನಗಳಲ್ಲಿ ಗಾಳಿಯ ತೇವ ಶೇ 90 ದಾಟಿರುತ್ತದೆ. ಆಗ ಮನೆಯೊಳಗಿನ ಮರದ ತೇವವೂ ನಿಧಾನವಾಗಿ ಶೇ 20ರ ಹತ್ತಿರ ಬರುತ್ತದೆ. ಮರ ಕೊಳೆಸುವ ಶಿಲೀಂಧ್ರಕ್ಕೆ ಬೇಕಾದ ತೇವ ಶುರುವಾಗುವುದೇ ಆ ಮಟ್ಟದಿಂದ. ಆಷಾಢದಲ್ಲಿ ಪೆಟ್ಟಿಗೆಯೊಳಗಿನ ಬಟ್ಟೆಗೂ ಬೂಸ್ಟು ಬರುವುದು ನೋಡಿದ್ದೀರಲ್ವಾ? ಗೋಡೆಗೂ ಅದೇ ಕಷ್ಟ.

ಈ ಪಾಠವನ್ನು ನಾನು ಕಲಿತದ್ದು ಬಿದಿರಿನಿಂದ. ಕೆಲವು ವರ್ಷಗಳ ಹಿಂದೆ ಗಾಡಿ ನಿಲ್ಲಿಸಲು ಬಿದಿರಿನ ಚಪ್ಪರ ಕಟ್ಟಿಸಿದ್ದೆ. ಚೆಂದದ ಗಳಗಳು, ನೆಟ್ಟಗೆ ಇದ್ದವು. ಮೊದಲ ಬೇಸಿಗೆಯಲ್ಲೇ ಕೆಳಗೆ ಹಳದಿ ಹಿಟ್ಟು ಉದುರತೊಡಗಿತು. ಕುಟ್ಟೆ ಹುಳ. ಎರಡನೇ ಮಳೆಗಾಲಕ್ಕೆ ನೆಲದೊಳಗೆ ಹೂತಿದ್ದ ಬುಡಗಳನ್ನು ಒರಲೆ ಮುಗಿಸಿತ್ತು. ಬಿದಿರು ಬೇಗ ಹಾಳಾಗುವ ವಸ್ತು ಅಂತ ಮನೆಯವರೆಲ್ಲ ತೀರ್ಮಾನ ಮಾಡಿದರು. ಅದೇ ಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಮೂವತ್ತು ವರ್ಷದಿಂದ ಇದ್ದ ಬಿದಿರಿಗೆ ಮಾತ್ರ ಏನೂ ಆಗಿರಲಿಲ್ಲ. ಅದಕ್ಕೆ ಹೊಗೆ ಹಿಡಿದಿತ್ತು, ಅದು ಒಣಗಿತ್ತು, ನೆಲಕ್ಕೆ ತಾಗಿರಲಿಲ್ಲ.

ಕುಟ್ಟೆ ಹುಳ ಬರುವುದು ಬಿದಿರಿನ ನಾರು ತಿನ್ನಲು ಅಲ್ಲ, ಅದರೊಳಗಿನ ಪಿಷ್ಟ ತಿನ್ನಲು. ಹಾಗಾಗಿ ಗಳ ಕಡಿಯುವ ಕಾಲ ಮುಖ್ಯ. ಮಳೆಗಾಲದಲ್ಲಿ ಕಳಲೆ ಎದ್ದು ಬೆಳೆಯುವಾಗ ಮೆಳೆಯಲ್ಲಿ ಕೂಡಿಟ್ಟ ಪಿಷ್ಟ ಖರ್ಚಾಗುತ್ತದೆ. ಆಮೇಲೆ, ಮಳೆ ನಿಂತ ಚಳಿಗಾಲದಲ್ಲಿ, ಮೂರು ನಾಲ್ಕು ವರ್ಷ ಬಲಿತ ಗಳವನ್ನು ಕಡಿದರೆ ಹುಳಕ್ಕೆ ಊಟ ಕಡಿಮೆ. ಕಡಿದ ಗಳವನ್ನು ಹಳ್ಳದ ನೀರಲ್ಲಿ ಕೆಲವು ವಾರ ಮುಳುಗಿಸಿಡುವ ಹಳೆಯ ಕ್ರಮಕ್ಕೂ ಇದೇ ಕಾರಣ, ಪಿಷ್ಟ ನೀರಿಗೆ ಬಿಟ್ಟುಕೊಳ್ಳುತ್ತದೆ. ಆದರೆ ಇದರಿಂದ ಒರಲೆ ನಿಲ್ಲುವುದಿಲ್ಲ.

ಅದಕ್ಕೆ ಬೇಕಾದ್ದು ಬಿಳಿಗಾರ (ಬೋರಾಕ್ಸ್) ಮತ್ತು ಬೋರಿಕ್ ಆಮ್ಲ. ಎರಡನ್ನೂ ನೀರಿಗೆ ಬೆರೆಸಿ ಶೇ 5ರಿಂದ 10ರ ದ್ರಾವಣ ಮಾಡುತ್ತಾರೆ. ಹಸಿ ಗಳದ ಒಳಗಿನ ಗಿಣ್ಣುಗಳನ್ನು ಉದ್ದನೆಯ ಸರಳಿನಿಂದ ತೂತು ಮಾಡಿ, ಒಂದು ವಾರ ಅಥವಾ ಇನ್ನೂ ಹೆಚ್ಚು ದಿನ ಅದರಲ್ಲಿ ನೆನೆಸಿ, ನೆರಳಲ್ಲಿ ಒಣಗಿಸುತ್ತಾರೆ. ಗಳ ಹಸಿಯಾಗಿರುವಾಗಲೇ ಇದನ್ನು ಮಾಡಬೇಕು. ಗಳದೊಳಗಿನ ನೀರಿನ ದಾರಿಯಲ್ಲೇ ದ್ರಾವಣದ ಉಪ್ಪು ಒಳಗೆ ಹರಡುವುದು, ಒಣಗಿದ ಮೇಲೆ ಆ ದಾರಿ ಮುಚ್ಚಿಹೋಗುತ್ತದೆ. ನನ್ನ ಚಪ್ಪರಕ್ಕೆ ಬಂದಿದ್ದ ಗಳಗಳು ಒಣಗಿದವು, ಮೇಲಿಂದ ಸುಮ್ನೆ ವಾರ್ನಿಷ್ ಬಳಿದಿದ್ದರು. ಇನ್ನೊಂದು ಮಾತು. ಈ ಉಪ್ಪು ಮಳೆನೀರಿಗೆ ತೊಳೆದು ಹೋಗುತ್ತದೆ. ಔಷಧಿ ಕೊಟ್ಟ ಬಿದಿರನ್ನೂ ಮಳೆಗೆ ಬಿಡುವಂತಿಲ್ಲ. ಅದನ್ನು ಸೂರಿನ ಕೆಳಗೇ ಇಡಬೇಕು, ಬುಡವನ್ನು ನೆಲದಿಂದ ಒಂದಡಿಯಾದರೂ ಎತ್ತರದ ಕಲ್ಲಿನ ಮೇಲೆ ನಿಲ್ಲಿಸಬೇಕು.

ಇಷ್ಟು ಮಾಡಿದರೆ ಬಿದಿರು ಮನೆ ಹೊರುವ ವಸ್ತುವೇ. ನಾರಿನ ಉದ್ದಕ್ಕೆ ಎಳೆದರೆ ಅದರ ಬಲ ನಾವು ಬಳಸುವ ಬಹಳಷ್ಟು ಮರಗಳಿಗಿಂತ ಜಾಸ್ತಿ. ಬಿದಿರಿನಲ್ಲಿ ಕಟ್ಟುವುದಕ್ಕೆ ಭಾರತೀಯ ಮಾನಕವೇ ಇದೆ, ಐಎಸ್ 15912. ಮೊಳೆ ಹೊಡೆದರೆ ಮಾತ್ರ ಬಿದಿರು ಸೀಳುತ್ತದೆ. ಅದಕ್ಕೇ ಗಿಣ್ಣಿನ ಹತ್ತಿರ ತೂತು ಕೊರೆದು ಬೋಲ್ಟ್ ಹಾಕುತ್ತಾರೆ, ಭಾರ ಬೀಳುವ ಕಡೆ ಗಳದ ಒಳಗೆ ಗಾರೆ ತುಂಬುತ್ತಾರೆ. ಕಾಂಕ್ರೀಟಿನ ಒಳಗೆ ಕಬ್ಬಿಣದ ಬದಲು ಬಿದಿರು ಹಾಕಿದರೆ ಹೇಗೆ ಅಂತ ಹಲವರು ಕೇಳುತ್ತಾರೆ. ದಯವಿಟ್ಟು ಬೇಡ. ಹಸಿ ಕಾಂಕ್ರೀಟಿನಲ್ಲಿ ಬಿದಿರು ನೀರು ಕುಡಿದು ಉಬ್ಬುತ್ತದೆ, ಆಮೇಲೆ ಒಣಗಿ ಕುಗ್ಗುತ್ತದೆ, ಸುತ್ತ ಸಂದು ಬಿಡುತ್ತದೆ. ಹಿಡಿತವೇ ಇರುವುದಿಲ್ಲ. ಮೇಲಿಂದ ಏನೂ ಕಾಣುವುದಿಲ್ಲ, ಅಪಾಯ ಇರುವುದೂ ಅಲ್ಲೇ.

ಬಿದಿರು ಎಲ್ಲಿಂದ ಬರಬೇಕು ಅನ್ನುವುದೂ ಯೋಚಿಸಬೇಕಾದ ವಿಷಯ. ನಮ್ಮ ಸುತ್ತಿನ ಕಾಡಿನ ಬಿದಿರು ದಶಕಗಳ ಕಾಲ ಕಾಗದದ ಕಾರ್ಖಾನೆಗಳಿಗೆ ಹೋಯಿತು. ಬುಟ್ಟಿ ಹೆಣೆಯುವ ಮೇದಾರರಿಗೆ ಗಳ ಸಿಗುವುದು ಕಷ್ಟವಾಯಿತು. 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಪಶ್ಚಿಮಘಟ್ಟದ ಬಿದಿರನ್ನು ಅಧ್ಯಯನ ಮಾಡಿದಾಗ ಒಂದು ಸಂಗತಿ ಹೊರಬಂತು. ಮೆಳೆ ಚೊಕ್ಕಟವಾಗಿರಲಿ ಅಂತ ಬುಡದ ಮುಳ್ಳು ಸವರುತ್ತಿದ್ದರು. ಆ ಮುಳ್ಳೇ ಎಳೆಯ ಕಳಲೆಗೆ ಬೇಲಿಯಾಗಿತ್ತು. ಬೇಲಿ ಹೋದ ಮೇಲೆ ಕಳಲೆ ಪ್ರಾಣಿಗಳ ಪಾಲಾಯಿತು. ಹಳ್ಳಿಯವರಿಗೆ ಇದು ಮೊದಲೇ ಗೊತ್ತಿತ್ತು. ಮನೆ ಕಟ್ಟುವ ಹೆಸರಲ್ಲಿ ಮತ್ತೆ ಕಾಡಿನ ಮೇಲೆ ಬೀಳುವುದಾದರೆ ಈ ಸಾಮಗ್ರಿಗೆ ಹಸಿರು ಅನ್ನುವ ಹೆಸರು ಒಪ್ಪುವುದಿಲ್ಲ. ತೋಟದ ಬೇಲಿಯಲ್ಲಿ, ಹುಲ್ಲು ಬೆಳೆಯುವ ಬ್ಯಾಣದ ಅಂಚಿನಲ್ಲಿ ನಾವೇ ಬೆಳೆಸಬೇಕು. 2017ರಲ್ಲಿ ಭಾರತೀಯ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಕಾಡಿನ ಹೊರಗೆ ಬೆಳೆದ ಬಿದಿರನ್ನು ಮರ ಅನ್ನುವ ಲೆಕ್ಕದಿಂದ ತೆಗೆದರು. ಬೆಳೆಯುವವರಿಗೆ ಅದರಿಂದ ದೊಡ್ಡ ಅನುಕೂಲವಾಗಿದೆ.

ಈಗ ಸಿಪ್ಪೆಗೆ ಬರೋಣ.

ಫ್ರಾನ್ಸ್‌ನಲ್ಲಿ 1990ರ ದಶಕದಿಂದ ಒಂದು ಬಗೆಯ ಗೋಡೆ ಕಟ್ಟುತ್ತಿದ್ದಾರೆ. ಭಂಗಿ ಗಿಡದ ಜಾತಿಯದೇ ಆದ ಹೆಂಪ್ ಅನ್ನುವ ಗಿಡದ ಕಾಂಡವನ್ನು ಸಣ್ಣಗೆ ಕತ್ತರಿಸಿ, ನೀರು ಬೆರೆಸಿದ ಸುಣ್ಣದಲ್ಲಿ ಕಲಸಿ, ಹಲಗೆ ಕಟ್ಟಿ ಹಗುರವಾಗಿ ತುಂಬುತ್ತಾರೆ. ಗೋಡೆ ತುಂಬ ಗಾಳಿಯ ಸಣ್ಣ ಸಣ್ಣ ಜಾಗ ಉಳಿಯುವುದರಿಂದ ಬಿಸಿಲಿನ ಕಾವು ಒಳಗೆ ಬರುವುದು ಕಡಿಮೆ. ಭಾರ ಹೊರುವ ಶಕ್ತಿ ಇದಕ್ಕಿಲ್ಲ. ಭಾರಕ್ಕೆ ಕಂಬ ತೊಲೆ ಬೇರೆ ಇರಬೇಕು, ಇದು ನಡುವೆ ತುಂಬುವ ಗೋಡೆ ಮಾತ್ರ. ಹೆಂಪ್ ಜಾಗದಲ್ಲಿ ನಮ್ಮ ಅಡಿಕೆ ಸಿಪ್ಪೆ, ಉಮಿ ಹಾಕಬಹುದು ಅನ್ನುವುದು ಸಹಜವಾಗಿ ಬರುವ ಯೋಚನೆ. ಸಿಪ್ಪೆಗೆ ಇನ್ನೂ ಅಷ್ಟು ಪ್ರಯೋಗ ಆಗಿಲ್ಲ. ಆದರೆ ಎಲ್ಲಿ ತೊಡಕು ಬರುತ್ತದೆ ಅನ್ನುವುದು ಸ್ಪಷ್ಟವಾಗಿದೆ.

ದೊಡ್ಡ ತೊಡಕು ಸಕ್ಕರೆ. ಗಿಡದ ವಸ್ತುವಿನಿಂದ ನೀರಿಗೆ ಬಿಡುವ ಸಕ್ಕರೆ ಮತ್ತು ಒಗರು ಸಿಮೆಂಟ್ ಗಟ್ಟಿಯಾಗುವುದನ್ನು ತಡೆಯುತ್ತವೆ. ಹಸಿ ಸಿಪ್ಪೆಯನ್ನು ಹಾಗೇ ಸಿಮೆಂಟಿಗೆ ಕಲಸಿದರೆ ಅದು ಪುಡಿ ಪುಡಿಯಾಗಿ ಉಳಿಯಬಹುದು. ಬಿಸಿನೀರಲ್ಲಿ ನೆನೆಸಿ, ತೊಳೆದು, ಒಣಗಿಸಿ ಬಳಸಬೇಕು. ಹಿರಿಯರು ಗಾರೆಗೆ ಬೆಲ್ಲ ಹಾಕಿದ್ದಕ್ಕೆ ಈ ಗುಣವೂ ಒಂದು ಕಾರಣ. ಗಾರೆ ನಿಧಾನಕ್ಕೆ ಸೆಟ್ ಆಗಲಿ, ಅರೆದು ತಿಕ್ಕಿ ನಯ ಮಾಡಲು ಸಮಯ ಸಿಗಲಿ ಅಂತ. ಅವರಿಗೆ ಬೇಕಾಗಿದ್ದ ಗುಣ ಇಲ್ಲಿ ನಮಗೆ ಅಡ್ಡಿ.

ಸಿಮೆಂಟಿಗಿಂತ ಸುಣ್ಣ ಯಾಕೆ ವಾಸಿ? ಸುಣ್ಣ ಬೇಯಲು ಸುಮಾರು 900 ಡಿಗ್ರಿ ಸಾಕು. ಗೋಡೆಯಲ್ಲಿ ಅದು ನಿಧಾನವಾಗಿ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಮರಳಿ ಎಳೆದುಕೊಂಡೇ ಗಟ್ಟಿಯಾಗುವುದು. ಸುಡಲು ಬಳಸಿದ ಇಂಧನದ್ದು ಮಾತ್ರ ವಾಪಸ್ ಬರುವುದಿಲ್ಲ. ಸುಣ್ಣದ ಖಾರಕ್ಕೆ ಬೂಸ್ಟು ಸುಲಭಕ್ಕೆ ಹತ್ತಿರ ಬರುವುದಿಲ್ಲ. ಎಲ್ಲಕ್ಕಿಂತ ದೊಡ್ಡದು, ಸುಣ್ಣದ ಗಾರೆ ಉಸಿರಾಡುತ್ತದೆ. ಮಳೆಗಾಲದಲ್ಲಿ ಗೋಡೆ ಕುಡಿದ ತೇವ ಬಿಸಿಲು ಬಂದಾಗ ಹೊರಗೆ ಹೋಗಲು ದಾರಿ ಇರುತ್ತದೆ. ಅದೇ ಗೋಡೆಗೆ ಸಿಮೆಂಟ್ ಗಾರೆ ಹಾಕಿ, ಮೇಲೆ ಪ್ಲಾಸ್ಟಿಕ್ ಪೇಂಟ್ ಬಳಿದರೆ ತೇವ ಒಳಗೇ ಸಿಕ್ಕಿಬೀಳುತ್ತದೆ. ಹಳೆಯ ಮಣ್ಣಿನ ಗೋಡೆಗಳಿಗೆ ಸಿಮೆಂಟ್ ಹಾಕಿ ಭದ್ರ ಮಾಡಿದೆವು ಅಂದುಕೊಂಡ ಎಷ್ಟೋ ಮನೆಗಳಲ್ಲಿ ಗಾರೆ ಹಪ್ಪಳದ ಹಾಗೆ ಎದ್ದು ಬಿದ್ದಿರುವುದು ಇದರಿಂದಲೇ.

ಕೆಲಸದ ಕಾಲವೂ ನಮಗೆ ಹೊಂದುತ್ತದೆ. ಕೊಯ್ಲು ಮುಗಿದ ಮೇಲೆ ಸಿಪ್ಪೆಯನ್ನು ಅಂಗಳದಲ್ಲೇ ಒಣಗಿಸಬಹುದು. ಮಾಘ–ಫಾಲ್ಗುಣದಲ್ಲಿ ಗೋಡೆ ತುಂಬಿದರೆ ಮೃಗಶಿರಾ ಮಳೆಯ ಒಳಗೆ ಒಣಗಲು ಮೂರು ತಿಂಗಳು ಸಿಗುತ್ತದೆ. ಅಷ್ಟು ಬೇಕೇ ಬೇಕು. ಮೇ ತಿಂಗಳಲ್ಲಿ ಶುರು ಮಾಡಿದರೆ ಹಸಿ ಗೋಡೆಯ ಮೇಲೆ ಮಳೆ ಬಂದು ಕೂರುತ್ತದೆ.

ಉಮಿಯ ಗುಣ ಬೇರೆ. ಅದರಲ್ಲಿ ಸಿಲಿಕಾ ತುಂಬ ಇದೆ, ಹಾಗಾಗಿ ಬೇಗ ಕೊಳೆಯುವುದಿಲ್ಲ. ಉಮಿಕರಿಯಲ್ಲಿ ಹಲ್ಲುಜ್ಜಿದವರಿಗೆ ಆ ತರಿ ನೆನಪಿರುತ್ತದೆ. ಭತ್ತದ ತೂಕದ ಐದನೇ ಒಂದು ಭಾಗ ಉಮಿ, ಉಮಿಯ ಐದನೇ ಒಂದು ಭಾಗ ಬೂದಿ. ಆ ಬೂದಿ ಹೆಚ್ಚಿನ ಪಾಲು ಸಿಲಿಕಾ. ಅದನ್ನು ನುಣ್ಣಗೆ ಅರೆದು ಸುಣ್ಣಕ್ಕೋ ಸಿಮೆಂಟಿಗೋ ಸೇರಿಸಿದರೆ ಅದೂ ಅಂಟಾಗಿ ಕೆಲಸ ಮಾಡುತ್ತದೆ, ಸಿಮೆಂಟಿನಲ್ಲಿ ಹತ್ತಕ್ಕೆ ಒಂದೆರಡು ಪಾಲು ಉಳಿತಾಯವಾಗುತ್ತದೆ. ಆದರೆ ಸುಮಾರು 700 ಡಿಗ್ರಿಗಿಂತ ಜಾಸ್ತಿ ಬಿಸಿಯಲ್ಲಿ ಸುಟ್ಟರೆ ಸಿಲಿಕಾ ಹರಳುಗಟ್ಟಿ ಮರಳಿನ ಹಾಗೆ ಸುಮ್ಮನಾಗುತ್ತದೆ. ಅಕ್ಕಿ ಗಿರಣಿಯ ಬಾಯ್ಲರ್‌ನಿಂದ ಬರುವ ಬೂದಿ ಎಲ್ಲವೂ ಇದಕ್ಕೆ ಆಗುವುದಿಲ್ಲ, ಪರೀಕ್ಷೆ ಮಾಡಿಯೇ ತೆಗೆದುಕೊಳ್ಳಬೇಕು.

ನಾರಿನಿಂದ ಹಲಗೆ ಮಾಡುವುದು ಇನ್ನೊಂದು ದಾರಿ. ಇಲ್ಲಿ ನಾವು ಕೇಳಬೇಕಾದ ಪ್ರಶ್ನೆ, ಅಂಟು ಯಾವುದು? ನಾರು ನೂರಕ್ಕೆ ನೂರು ತೋಟದ್ದೇ ಇರಬಹುದು. ಅಂಟು ಯೂರಿಯಾ ಫಾರ್ಮಾಲ್ಡಿಹೈಡ್ ಆಗಿದ್ದರೆ ತೇವ ಮತ್ತು ಬಿಸಿ ಸೇರಿದಾಗ ಅದು ಸಡಿಲವಾಗಿ ಕಣ್ಣುರಿ ತರುವ ಅನಿಲ ಬಿಡುತ್ತದೆ, ಹಲಗೆಯೂ ಉಬ್ಬುತ್ತದೆ. ಮಲೆನಾಡಿಗೆ ಅದು ಸರಿಹೋಗುವುದಿಲ್ಲ. ಬೆಂಗಳೂರಿನ ಪ್ಲೈವುಡ್ ಸಂಶೋಧನಾ ಸಂಸ್ಥೆ ಇಪಿರ್ಟಿ ಬಿದಿರಿನ ಚಾಪೆಗಳನ್ನು ನೀರು ತಡೆಯುವ ಫೀನಾಲ್ ಜಾತಿಯ ಅಂಟಿನಲ್ಲಿ ಒತ್ತಿ, ಮಾಡಿಗೆ ಹೊದಿಸುವ ಅಲೆಅಲೆಯ ಶೀಟು ಮಾಡುವ ವಿಧಾನ ರೂಪಿಸಿತು. ಅದು ಬಾಳುತ್ತದೆ, ಆದರೆ ಅಂಟು ಪೆಟ್ರೋಲಿಯಂ ಮೂಲದ್ದು.

ಅಂಟಿಲ್ಲದೆಯೂ ಹಲಗೆ ಆಗುತ್ತದೆ. ಅಡಿಕೆ ಹಾಳೆಯ ತಟ್ಟೆ ನೋಡಿ. ಒದ್ದೆ ಹಾಳೆಯನ್ನು ಬಿಸಿ ಅಚ್ಚಿನಲ್ಲಿ ಒತ್ತಿದರೆ ಸಾಕು, ತಣಿದ ಮೇಲೆ ಆಕಾರ ಬಿಡುವುದಿಲ್ಲ. ಗಿಡದೊಳಗಿನ ಲಿಗ್ನಿನ್ ಅನ್ನುವ ಅಂಟು ಬಿಸಿಗೆ ಮೆತ್ತಗಾಗಿ, ತಣಿದಾಗ ಗಟ್ಟಿಯಾಗುತ್ತದೆ. ಇನ್ನೂ ಹೆಚ್ಚು ಬಿಸಿ, ಹೆಚ್ಚು ಒತ್ತಡ ಕೊಟ್ಟರೆ ಬಿಡಿ ನಾರುಗಳೂ ಇದೇ ರೀತಿ ಒಂದಕ್ಕೊಂದು ಹಿಡಿಯುತ್ತವೆ. ನನಗೆ ಹೆಚ್ಚು ಆಸೆ ಇರುವುದು ಅಡಿಕೆ ಚೊಗರಿನ ಮೇಲೆ, ಅಂದರೆ ಅಡಿಕೆ ಬೇಯಿಸಿದಾಗ ಉಳಿಯುವ ಕೆಂಪು ನೀರಿನ ಮೇಲೆ. ಚೊಗರಿನಲ್ಲಿರುವುದು ಟ್ಯಾನಿನ್. ದಕ್ಷಿಣ ಆಫ್ರಿಕಾದಲ್ಲಿ ವಾಟಲ್ ಮರದ ತೊಗಟೆಯ ಟ್ಯಾನಿನ್‌ನಿಂದ ಮರದ ಅಂಟು ತಯಾರಿಸಿ ದಶಕಗಳೇ ಆಗಿವೆ. ಹೆಗ್ಗೋಡಿನ ಹತ್ತಿರ ಭೀಮನಕೋಣೆಯ ಚರಕ ಕೈಮಗ್ಗ ಸಂಘದವರು ಚೊಗರನ್ನು ಬಟ್ಟೆಯ ಬಣ್ಣಕ್ಕೆ ಬಳಸುತ್ತಾರೆ. ಸಿಪ್ಪೆಯ ನಾರನ್ನು ಚೊಗರಿನ ಅಂಟಿನಲ್ಲೇ ಒತ್ತಿದ ಹಲಗೆ ಬಂದರೆ ಎರಡೂ ಒಂದೇ ಅಂಗಳದ್ದಾಗುತ್ತವೆ. ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಹುಡುಗರು ಹುಡುಗಿಯರು ಇದನ್ನು ಕೈಗೆತ್ತಿಕೊಳ್ಳಬೇಕು ಅಂತ ಮನಸಾರೆ ಬಯಸುತ್ತೇನೆ.

ಅಣಬೆ ಇಟ್ಟಿಗೆಯ ಸುದ್ದಿಯನ್ನೂ ನೀವು ಕೇಳಿರಬಹುದು. ಬೇಯಿಸಿದ ನಾರಿನ ಪುಡಿಗೆ ಅಣಬೆಯ ಬೀಜ ಸೇರಿಸಿದರೆ ಅದರ ಬಿಳಿ ಎಳೆಗಳು ಒಂದೆರಡು ವಾರದಲ್ಲಿ ಎಲ್ಲವನ್ನೂ ಹೆಣೆದುಬಿಡುತ್ತವೆ. ಆಮೇಲೆ ಬಿಸಿಯಲ್ಲಿ ಒಣಗಿಸಿ ಅಣಬೆಯನ್ನು ಸಾಯಿಸುತ್ತಾರೆ. 2014ರಲ್ಲಿ ನ್ಯೂಯಾರ್ಕ್‌ನಲ್ಲಿ ಇಂಥ ಸುಮಾರು ಹತ್ತು ಸಾವಿರ ಇಟ್ಟಿಗೆಯಿಂದ ಗೋಪುರವನ್ನೇ ನಿಲ್ಲಿಸಿದ್ದರು, ಒಂದು ಬೇಸಿಗೆಯ ಮಟ್ಟಿಗೆ. ಇದು ಥರ್ಮೊಕೋಲ್ ಜಾಗಕ್ಕೆ ಸರಿ, ಸುಟ್ಟ ಇಟ್ಟಿಗೆಯ ಜಾಗಕ್ಕೆ ಅಲ್ಲ. ಅಡಿಕೆ ಬೆಳೆಗಾರರು ಒಂದು ವಿಷಯ ತಿಳಿದಿರಬೇಕು. ಇದಕ್ಕೆ ಹೆಚ್ಚಾಗಿ ಬಳಸುವುದು ಗ್ಯಾನೊಡರ್ಮಾ ಗುಂಪಿನ ಅಣಬೆ. ನಮ್ಮ ತೋಟಗಳಲ್ಲಿ ಅಣಬೆ ರೋಗ ತರುವುದೂ ಅದೇ ಗುಂಪು. ತೋಟದ ಮಗ್ಗುಲಲ್ಲಿ ಅದನ್ನು ಬೆಳೆಸುವುದು ಬೇಡ, ತಿನ್ನುವ ಚಿಪ್ಪಣಬೆಯಿಂದಲೂ ಈ ಕೆಲಸ ಆಗುತ್ತದೆ.

ಹಾಗಾದರೆ ಇವತ್ತು ಮನೆ ಕಟ್ಟುವವರು ಏನು ಮಾಡಬಹುದು? ಬುನಾದಿ ಮತ್ತು ನೆಲದಿಂದ ಎರಡಡಿ ಎತ್ತರದ ತನಕ ಕಲ್ಲು ಅಥವಾ ಜಂಬಿಟ್ಟಿಗೆ. ಅಲ್ಲಿ ಬೇರೆ ಮಾತೇ ಇಲ್ಲ. ಮಾಡಿನ ಪಕಾಸಿಗೆ, ಹಂಚಿನ ಕೆಳಗಿನ ಮುಚ್ಚಿಗೆಗೆ, ಜಗಲಿಯ ಕಂಬಕ್ಕೆ ಔಷಧಿ ಕೊಟ್ಟ ಬಿದಿರು ಧೈರ್ಯವಾಗಿ ಬಳಸಿ. 2022ರಲ್ಲಿ ಉದ್ಘಾಟನೆಯಾದ ಬೆಂಗಳೂರು ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್‌ನ ಮುಚ್ಚಿಗೆಯೂ ಬಿದಿರೇ. ಸೂರು ಗೋಡೆಯಿಂದ ಮೂರು ನಾಲ್ಕು ಅಡಿ ಮುಂದೆ ಬರಲಿ. ಸೂರು ಮೊಟಕು ಮಾಡಿ ಪೇಟೆಯ ಪೆಟ್ಟಿಗೆ ಮನೆ ಕಟ್ಟುವುದಾದರೆ ಈ ಯಾವ ಸಾಮಗ್ರಿಯ ತಂಟೆಗೂ ಹೋಗಬೇಡಿ, ಹಾಳಾಗುವುದು ಖಂಡಿತ.

ಸಿಪ್ಪೆ–ಸುಣ್ಣದ ಗೋಡೆ ಮೊದಲು ಒಳಗಿನ ಅಡ್ಡಗೋಡೆಗೆ, ಕೊಟ್ಟಿಗೆಗೆ ಬರಲಿ. ಅದಕ್ಕೂ ಮುಂಚೆ ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ತೊಳೆದು ಒಣಗಿಸಿದ ಸಿಪ್ಪೆ ಮತ್ತು ಸುಣ್ಣ ಕಲಸಿ ಒಂದಡಿಯ ಮೂರು ಇಟ್ಟಿಗೆ ಮಾಡಿ, ಪೂರ್ತಿ ಒಣಗಿದ ಮೇಲೆ ತೂಗಿ ಬರೆದಿಡಿ. ಒಂದನ್ನು ಒಲೆಯ ಅಟ್ಟದಲ್ಲಿ, ಒಂದನ್ನು ಕೋಣೆಯ ಒಳಗೆ, ಒಂದನ್ನು ಇರಚಲು ತಾಗುವ ಜಗಲಿಯ ಅಂಚಿನಲ್ಲಿಡಿ. ಹದಿನೈದು ದಿನಕ್ಕೊಮ್ಮೆ ತೂಗಿ. ಪುಷ್ಯ ಮಳೆ ಮುಗಿಯುವ ಹೊತ್ತಿಗೆ ಯಾವುದು ಎಷ್ಟು ನೀರು ಕುಡಿದಿದೆ, ಎಲ್ಲಿ ಬೂಸ್ಟು ಬಂದಿದೆ ನೋಡಿ. ದೀಪಾವಳಿಗೆ ಮತ್ತೆ ತೂಗಿ. ಕುಡಿದ ನೀರನ್ನು ಪೂರ್ತಿ ಬಿಟ್ಟುಕೊಟ್ಟು ಮೊದಲಿನ ತೂಕಕ್ಕೆ ಬಂದ ಇಟ್ಟಿಗೆ ಯಾವ ಜಾಗದ್ದೋ, ನಿಮ್ಮ ಮನೆಯಲ್ಲಿ ಸಿಪ್ಪೆಯ ಗೋಡೆಯನ್ನು ಆ ಜಾಗದಲ್ಲಿ ಕಟ್ಟಬಹುದು.